ದೇವರು, ರಸ್ತೆ, ಮೈಕು, ಹುಂಡಿ: ಸಾರ್ವಜನಿಕ ಬದುಕಿನಲ್ಲಿ ಧರ್ಮದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಭೆಗಳಲ್ಲಿ, ಪತ್ರಗಳಲ್ಲಿ, ಮಾತಿನ ನಡುವೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಉತ್ತರಗಳು ಕರ್ನಾಟಕದ ಮಟ್ಟಿಗೆ. ಧರ್ಮದ ಹೆಸರಿನಲ್ಲಿ ನಡೆಯುವ ಹೆಚ್ಚಿನ ತಕರಾರುಗಳ ಬುಡಕ್ಕೆ ಹೋದರೆ ಅಲ್ಲಿ ದೇವರಿರುವುದಿಲ್ಲ. ಜಾಗ, ಶಬ್ದ, ದುಡ್ಡು, ಯಜಮಾನಿಕೆ ಇರುತ್ತವೆ. ಈ ನಾಲ್ಕಕ್ಕೂ ಕಾನೂನಿನಲ್ಲಿ ಅಳತೆಗಳಿವೆ. ಅವು ಮೊದಲೇ ಗೊತ್ತಿದ್ದರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ.

## ಮೊದಲು ತಿಳಿಯಬೇಕಾದವು

ಸೆಕ್ಯುಲರ್ ಅಂದ್ರೆ ಸರ್ಕಾರಕ್ಕೆ ದೇವರೇ ಬೇಡ ಅಂತಾನಾ?

ಅಲ್ಲ. ಸರ್ಕಾರಕ್ಕೆ ತನ್ನದೇ ಆದ ಧರ್ಮವಿಲ್ಲ ಎಂದರ್ಥ. ಕನ್ನಡದಲ್ಲಿ ಇದಕ್ಕೆ ಜಾತ್ಯತೀತ, ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ ಎಂದು ಮೂರು ಮಾತುಗಳು ಓಡಾಡುತ್ತವೆ. ಮೂರರ ಅರ್ಥವೂ ಬೇರೆ ಬೇರೆ ಆಗಿರುವುದರಿಂದ ಅರ್ಧ ಗೊಂದಲ ಅಲ್ಲೇ ಶುರುವಾಗುತ್ತದೆ. ಸಂವಿಧಾನದ ಪೀಠಿಕೆಗೆ ಈ ಪದ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಆದರೆ ಅದರ ಹೂರಣ ಮೊದಲಿನಿಂದಲೂ 25ರಿಂದ 28ನೇ ವಿಧಿಗಳಲ್ಲಿ ಇತ್ತು. ನಮ್ಮ ರಾಜ್ಯದ ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ ಇದನ್ನು ಸಂವಿಧಾನದ ಮೂಲ ಲಕ್ಷಣ ಎಂದಿತು.

ನಮ್ಮ ಸರ್ಕಾರ ಧರ್ಮದಿಂದ ದೂರ ನಿಂತಿಲ್ಲ. ದೇವಸ್ಥಾನಗಳ ಆಡಳಿತ ನೋಡುತ್ತದೆ, ಹಬ್ಬಕ್ಕೆ ರಜೆ ಕೊಡುತ್ತದೆ, ಯಾತ್ರೆಗೆ ಸಹಾಯಧನ ಕೊಡುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇಷ್ಟೇ: ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಧರ್ಮದ ಕಾರಣಕ್ಕೆ ತಡೆದಿದೆಯೇ?

ದಸರಾ ಧಾರ್ಮಿಕವೋ ಸಾಂಸ್ಕೃತಿಕವೋ? ಒಂದು ಕಡೆ ಹೇಳಿ.

ಒಂದು ಕಡೆ ಹೇಳಲು ಬರುವುದಿಲ್ಲ, ಏಕೆಂದರೆ ಮೈಸೂರಿನಲ್ಲಿ ಎರಡೂ ಒಟ್ಟೊಟ್ಟಿಗೆ ನಡೆಯುತ್ತವೆ. ಅರಮನೆಯೊಳಗಿನ ಖಾಸಗಿ ದರ್ಬಾರು ಮತ್ತು ಪೂಜೆ ರಾಜವಂಶಸ್ಥರದ್ದು. ನಾಡಹಬ್ಬ ಸರ್ಕಾರದ್ದು, ಎಂದರೆ ಎಲ್ಲರ ತೆರಿಗೆ ಹಣದ್ದು. ನಾಡಹಬ್ಬವನ್ನು 2017ರಲ್ಲಿ ಕವಿ ಕೆ.ಎಸ್. ನಿಸಾರ್ ಅಹಮದ್ ಉದ್ಘಾಟಿಸಿದರು. 2025ರಲ್ಲಿ ಲೇಖಕಿ ಬಾನು ಮುಷ್ತಾಕ್ ಉದ್ಘಾಟಿಸುವುದನ್ನು ಪ್ರಶ್ನಿಸಿದಾಗ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಎರಡೂ ಅರ್ಜಿಯನ್ನು ತಳ್ಳಿಹಾಕಿದವು. ಸರ್ಕಾರದ ದುಡ್ಡಿನ ವೇದಿಕೆಗೆ ಯಾರನ್ನು ಕರೆಯಬೇಕು ಎನ್ನುವುದು ಪೂಜೆಯ ವಿಧಿಯ ಪ್ರಶ್ನೆ ಆಗುವುದಿಲ್ಲ.

ನಮ್ಮೂರ ಮೊಹರಂನಲ್ಲಿ ಹಿಂದೂಗಳೇ ಜಾಸ್ತಿ. ಇದು ಯಾರ ಹಬ್ಬ ಅಂತ ಲೆಕ್ಕ?

ಉತ್ತರ ಕರ್ನಾಟಕದವರು ಇದನ್ನು ಕೇಳಿದಾಗಲೆಲ್ಲ ನಮಗೆ ಸಂತೋಷವಾಗುತ್ತದೆ. ಅಲಾಯಿ ಕುಣಿ, ಎಂದರೆ ಬೆಂಕಿ ಉರಿಸುವ ಗುಂಡಿ ತೆಗೆಯುವವರು ಒಂದು ಮನೆತನ, ಕಟ್ಟಿಗೆ ಕೊಡುವವರು ಇನ್ನೊಂದು, ದೇವರೆಂದು ಕೂರಿಸುವ ಲೋಹದ ಹಸ್ತವಾದ ಪಂಜಾ ಹಿಡಿಯುವವರು ಮತ್ತೊಂದು. ಹರಕೆ ಹೊತ್ತವರು ಲಾಡಿ (ಹರಕೆಯ ದಾರ) ಹಾಕಿಕೊಂಡು ಫಕೀರರಾಗುತ್ತಾರೆ, ಸಕ್ಕರೆ ಓದಿಸುತ್ತಾರೆ. ಇಮಾಮ್ ಹುಸೇನರು ಮಡಿದ ಕರ್ಬಲಾದ ಕಥೆ ಕನ್ನಡದ ರಿವಾಯತ್ ಎಂಬ ಹಾಡುಗಳಾಗಿ, ಹೆಜ್ಜೆ ಕುಣಿತದ ತಾಳಕ್ಕೆ ಕೂತಿದೆ. ರಾಯಚೂರು ಜಿಲ್ಲೆಯ ಮುದಗಲ್‌ನ ಮೊಹರಂಗೆ ಸುತ್ತಲ ಜಿಲ್ಲೆಗಳ ಜನ ಸೇರುತ್ತಾರೆ. ಒಂದೇ ಒಂದು ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲೂ ಪಕ್ಕದೂರಿನ ಮುಲ್ಲಾರನ್ನು ಕರೆಸಿ ದೇವರು ಕೂರಿಸುವುದುಂಟು.

ಜನಗಣತಿಯ ಕಾಲಂ ಇದನ್ನು ಹಿಡಿಯಲಾರದು. 2011ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಹಿಂದೂಗಳು ಶೇ 84, ಮುಸ್ಲಿಮರು ಶೇ 12.9, ಕ್ರೈಸ್ತರು ಶೇ 1.9ರಷ್ಟು. ಆ ಅಂಕಿಗಳು ಯಾರು ಯಾವ ಧರ್ಮದವರು ಎಂದು ಎಣಿಸುತ್ತವೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರನ್ನು ಹಾಗೆ ಎಣಿಸಲು ಬರುವುದಿಲ್ಲ. ಹಾಗಾಗಿ ಆ ಹಬ್ಬ ಊರಿನದ್ದು. ಇಂಥ ಊರುಗಳಲ್ಲಿ ಹೊರಗಿನವರು ಬಂದು ‘ಇದು ನಿಮ್ಮದಲ್ಲ’ ಎಂದು ಹೇಳಲು ಶುರುಮಾಡಿದರೆ ಮೊದಲು ಮುರಿಯುವುದು ಈ ಮನೆತನಗಳ ಹಂಚಿಕೆ. ಕಟ್ಟಿಗೆ ಕೊಡುವ ಮನೆ ಒಂದು ವರ್ಷ ಕೊಡದಿದ್ದರೆ ಮರುವರ್ಷ ಕೇಳಲು ಹೋಗುವವರಿರುವುದಿಲ್ಲ.

ನಾನು ದೇವರನ್ನು ನಂಬೋದಿಲ್ಲ. ಕೋರ್ಟಲ್ಲಿ, ಫಾರಂನಲ್ಲಿ ಏನು ಮಾಡಲಿ?

ಸಾಕ್ಷಿ ಹೇಳುವಾಗ ದೇವರ ಮೇಲೆ ಆಣೆ ಇಡಬೇಕಿಲ್ಲ. 1969ರ ಪ್ರಮಾಣ ಕಾಯ್ದೆಯಂತೆ ‘ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ’ ಎಂದರೆ ಸಾಕು. ಶಾಸಕರಿಗೂ ಮಂತ್ರಿಗಳಿಗೂ ಇದೇ ಆಯ್ಕೆಯಿದೆ. ಧರ್ಮದ ಕಾಲಂನಲ್ಲಿ ‘ಯಾವುದೂ ಇಲ್ಲ’ ಎಂದು ಬರೆಯಬಹುದು. ಧರ್ಮ ಹೇಳಲೇಬೇಕೆಂದು ಸರ್ಕಾರ ಒತ್ತಾಯಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2014ರಲ್ಲಿ ಹೇಳಿದೆ. ಆದರೆ ಮುಂದೆ ಜಾತಿ ಪ್ರಮಾಣಪತ್ರ ಬೇಕಾಗಬಹುದಾದ ಮಗುವಿನ ಶಾಲಾ ದಾಖಲೆಯಲ್ಲಿ ಕಾಲಂ ಖಾಲಿ ಬಿಡುವ ಮೊದಲು ಯೋಚಿಸಿ. ಆಮೇಲೆ ತಿದ್ದಿಸಲು ತಾಲ್ಲೂಕು ಕಚೇರಿಗೆ ಬಹಳ ಅಲೆಯಬೇಕಾಗುತ್ತದೆ.

## ಮೈಕು, ರಸ್ತೆ, ಗಣಪತಿ

ಬೆಳಿಗ್ಗೆ ಐದಕ್ಕೇ ಮೈಕು ಹಾಕ್ತಾರೆ. ಯಾರಿಗೆ ಹೇಳಬೇಕು, ಏನಂತ ಹೇಳಬೇಕು?

ನಿಯಮ ಎಲ್ಲ ಧರ್ಮಕ್ಕೂ, ಮದುವೆ ಮನೆಗೂ, ರಾಜಕೀಯ ಸಭೆಗೂ ಒಂದೇ. ಶಬ್ದಮಾಲಿನ್ಯ ನಿಯಂತ್ರಣ ನಿಯಮ, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಗಲಲ್ಲೂ ಲಿಖಿತ ಅನುಮತಿ ಬೇಕು. ವರ್ಷಕ್ಕೆ ಹೆಚ್ಚೆಂದರೆ 15 ದಿನ, ಹಬ್ಬಕ್ಕೋ ಸಾಂಸ್ಕೃತಿಕ ಕಾರ್ಯಕ್ರಮಕ್ಕೋ ರಾಜ್ಯ ಸರ್ಕಾರ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. 12 ದಾಟುವ ಅವಕಾಶ ಯಾರಿಗೂ ಇಲ್ಲ.

ಅಳತೆ ಹೀಗಿದೆ. ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರಿನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಮೈಕು ಹಾಕಿದ ಸಾರ್ವಜನಿಕ ಜಾಗದ ಗಡಿಯಲ್ಲಿ ಶಬ್ದವು ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ದಾಟಬಾರದು. ಅಂದರೆ ಮನೆಗಳಿರುವ ಬೀದಿಯಲ್ಲಿ ಹಗಲು 65. ಹತ್ತೇ ಡೆಸಿಬಲ್ ತಾನೇ ಎನ್ನಬೇಡಿ: ಪ್ರತಿ 10ಕ್ಕೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಕೇಳಿಸುತ್ತದೆ.

ದೂರುವ ಮೊದಲು ಸಮಿತಿಯವರಲ್ಲಿ ಹೋಗಿ ಒಂದು ಮಾತು ಆಡಿ, ಪರಿಹಾರ ಕೈಯಲ್ಲಿ ಹಿಡಿದು ಹೋಗಿ. ತೊಂದರೆ ಸಾಮಾನ್ಯವಾಗಿ ಗೋಪುರದ ಮೇಲೋ ಮಿನಾರಿನ ಮೇಲೋ ನಾಲ್ಕು ದಿಕ್ಕಿಗೆ ಕಟ್ಟಿದ ತುತ್ತೂರಿ ಮೈಕಿನದ್ದು. ಅದು ಹತ್ತಿರದವರಿಗಿಂತ ದೂರದವರಿಗೆ ಕೇಳಿಸಲು ಮಾಡಿದ ಸಾಧನ. ಅದನ್ನು ಇಳಿಸಿ, ಒಳಗೆ ಸಣ್ಣ ಬಾಕ್ಸ್ ಸ್ಪೀಕರುಗಳನ್ನು ಭಕ್ತರ ಕಡೆ ಕೆಳಮುಖವಾಗಿ ತಿರುಗಿಸಿದರೆ ಒಳಗಿನವರಿಗೆ ಮಂತ್ರವೋ ಪ್ರವಚನವೋ ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತದೆ, ಪಕ್ಕದ ಮನೆಗೆ ಮುಟ್ಟುವುದು ಎಷ್ಟೋ ಕಡಿಮೆಯಾಗುತ್ತದೆ. ಆಂಪ್ಲಿಫೈಯರಿನ ಗುಂಡಿಗೆ ಬಣ್ಣದ ಗುರುತು ಹಾಕಿಟ್ಟರೆ ಹೊಸ ಹುಡುಗ ಬಂದು ತಿರುಗಿಸಿದರೂ ಗೊತ್ತಾಗುತ್ತದೆ.

ಕೇಳದಿದ್ದರೆ 112ಕ್ಕೆ ಕರೆ ಮಾಡಿ ಅಥವಾ ಠಾಣೆಗೆ ಬರೆದುಕೊಡಿ. ದೂರಿನಲ್ಲಿ ದಿನಾಂಕ, ಶುರುವಾದ ಹೊತ್ತು, ನಿಂತ ಹೊತ್ತು, ಮೈಕಿನ ಜಾಗ ಇರಲಿ. ಧರ್ಮದ ಬಗ್ಗೆ ಒಂದು ಪದವೂ ಬೇಡ. ‘ಆ ಜನ ಯಾವಾಗಲೂ ಹೀಗೇ’ ಎಂದು ಬರೆದ ದೂರು ಶಬ್ದದ ದೂರಾಗಿ ಉಳಿಯುವುದಿಲ್ಲ, ಠಾಣೆಯವರು ಅದನ್ನು ಕೋಮು ವಿಚಾರವಾಗಿ ನೋಡಿ ಮುಟ್ಟಲು ಹಿಂಜರಿಯುತ್ತಾರೆ. ಫೋನಿನ ಆಪ್ ತೋರಿಸುವ ಡೆಸಿಬಲ್ ಅಂದಾಜಿಗಷ್ಟೇ, ತಪಾಸಣೆ ಮಾಡಿದ ಮಾಪಕದ ಅಳತೆಯನ್ನು ಕೇಳಿ.

ರಸ್ತೆ ಬದಿ ಕಲ್ಲಿಗೆ ಪೂಜೆ ಶುರುವಾಗಿದೆ. ಈಗಲೇ ತಡೀಬಹುದಾ?

ಈಗಲೇ ತಡೆಯಬೇಕು, ಆಮೇಲೆ ಬಹಳ ಕಷ್ಟ. ಮೊದಲು ಮರದ ಬುಡದಲ್ಲಿ ಅರಿಶಿನ ಕುಂಕುಮದ ಕಲ್ಲು, ಆಮೇಲೆ ನಾಲ್ಕು ಇಟ್ಟಿಗೆಯ ಕಟ್ಟೆ, ಮಳೆಗೆ ತಗಡು, ಕಳ್ಳತನಕ್ಕೆ ಗ್ರಿಲ್ಲು, ಕತ್ತಲಿಗೆ ಬೀದಿದೀಪದ ಕಂಬದಿಂದ ಎಳೆದ ವೈರು, ಕೊನೆಗೆ ಹುಂಡಿ. ಹಸಿರು ಚಾದರ ಹೊದಿಸಿದ ದಿಬ್ಬಕ್ಕೂ, ರಸ್ತೆ ಮೂಲೆಯ ಶಿಲುಬೆಗೂ ಇದೇ ದಾರಿ. ಹುಂಡಿ ಬಂದ ದಿನದಿಂದ ಅದಕ್ಕೊಂದು ಸಮಿತಿ ಇರುತ್ತದೆ.

ಸಾರ್ವಜನಿಕ ರಸ್ತೆ, ಉದ್ಯಾನ, ಜಾಗಗಳಲ್ಲಿ ಹೊಸದಾಗಿ ಯಾವ ಧರ್ಮದ ಕಟ್ಟಡಕ್ಕೂ ಅವಕಾಶ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ಆದೇಶಿಸಿತು. ಹಳೆಯವುಗಳ ವಿಷಯ ಬೇರೆ. ನಂಜನಗೂಡು ತಾಲ್ಲೂಕಿನ ದೇವಸ್ಥಾನವೊಂದನ್ನು ಕೆಡವಿದ ಗಲಾಟೆಯ ನಂತರ 2021ರಲ್ಲಿ ರಾಜ್ಯವು ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಕಾಯ್ದೆ ತಂದು, ಆಗ ಇದ್ದ ಕಟ್ಟಡಗಳಿಗೆ ರಕ್ಷಣೆ ಕೊಟ್ಟಿತು. ಆದ್ದರಿಂದ ದಿನಾಂಕವೇ ಇಲ್ಲಿ ಎಲ್ಲ. ಕಲ್ಲು ಬಂದ ವಾರವೇ ಫೋಟೊ ತೆಗೆದು, ತಾರೀಖು ಹಾಕಿ ಪಂಚಾಯಿತಿಗೋ ಪಾಲಿಕೆಗೋ ಕೊಟ್ಟು ಸ್ವೀಕೃತಿ ಪಡೆಯಿರಿ. ನೀವೇ ಹೋಗಿ ಕಲ್ಲು ಕಿತ್ತು ಹಾಕಬೇಡಿ. ಪೂಜಾಸ್ಥಳಕ್ಕೆ ಧಕ್ಕೆ ಮಾಡಿದ ಅಪರಾಧ ನಿಮ್ಮ ತಲೆಗೆ ಬರುತ್ತದೆ, ಕಲ್ಲೂ ವಾಪಸ್ ಬರುತ್ತದೆ.

ಬೀದಿ ಗಣಪತಿ ಕೂರಿಸೋಕೆ ಏನೇನು ಪರ್ಮಿಷನ್ ಬೇಕು?

ಪೊಲೀಸು, ಸ್ಥಳೀಯ ಸಂಸ್ಥೆ, ವಿದ್ಯುತ್ ಕಂಪನಿ, ದೊಡ್ಡ ಪೆಂಡಾಲಾದರೆ ಅಗ್ನಿಶಾಮಕ. ದೊಡ್ಡ ನಗರಗಳಲ್ಲಿ ಹಬ್ಬದ ಹೊತ್ತಿಗೆ ಏಕಗವಾಕ್ಷಿ ಕೌಂಟರ್ ತೆರೆಯುತ್ತಾರೆ. ಅರ್ಜಿಗೆ ಜಾಗದ ನಕ್ಷೆ, ಖಾಸಗಿ ಜಾಗವಾದರೆ ಮಾಲೀಕರ ಒಪ್ಪಿಗೆ ಪತ್ರ, ವಿಸರ್ಜನೆಯ ದಿನ, ಮೆರವಣಿಗೆಯ ದಾರಿ, ಹೊಣೆ ಹೊರುವವರ ಹೆಸರು ಮತ್ತು ಫೋನ್ ನಂಬರ್ ಸೇರಿಸಿ. ಎಡವುವುದು ಎರಡು ಕಡೆ. ಒಂದು, ಕಂಬದಿಂದ ನೇರ ಕೊಕ್ಕೆ ಹಾಕುವುದು: ತಾತ್ಕಾಲಿಕ ಸಂಪರ್ಕ ಪಡೆಯಿರಿ, ಬೋರ್ಡಿಗೆ ಸೋರಿಕೆ ತಡೆಯುವ ಬ್ರೇಕರ್ ಹಾಕಿಸಿ, ಒದ್ದೆ ನೆಲಕ್ಕೂ ಕಬ್ಬಿಣದ ಕಂಬಕ್ಕೂ ವೈರು ತಾಗದಂತೆ ಎತ್ತರಿಸಿ. ಎರಡು, ಹೊರಟ ಮೇಲೆ ದಾರಿ ಬದಲಿಸುವುದು. ಮೆರವಣಿಗೆ ಗಲಾಟೆಗಳಲ್ಲಿ ಬಹಳಷ್ಟು ಶುರುವಾಗುವುದು ಒಪ್ಪಿದ ದಾರಿ ಬಿಟ್ಟಾಗ, ಇಲ್ಲವೇ ಇನ್ನೊಬ್ಬರ ಪ್ರಾರ್ಥನಾ ಮಂದಿರದ ಮುಂದೆ ನಿಂತು ಡಿಜೆ ಜೋರು ಮಾಡಿದಾಗ. ಆ ಜಾಗದಲ್ಲಿ ಮುಂದೆಯೂ ಹಿಂದೆಯೂ ನಿಮ್ಮದೇ ಹಿರಿಯರಿಬ್ಬರು ಇರಲಿ.

ಮೂರ್ತಿ ಮಣ್ಣಿನದ್ದೇ ಇರಲಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳನ್ನು ಕೆರೆ ಬಾವಿಗೆ ಬಿಡುವುದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲೇ ನಿಷೇಧಿಸಿದೆ. ಅದು ನೀರಿನಲ್ಲಿ ಬೇಗ ಕರಗುವುದಿಲ್ಲ, ಬಣ್ಣದಲ್ಲಿನ ಸೀಸದಂಥ ಲೋಹಗಳು ಕೆರೆಗಿಳಿಯುತ್ತವೆ. ಬಿಡುವ ಮೊದಲು ಹೂವು, ಬಟ್ಟೆ, ಥರ್ಮಾಕೋಲು ತೆಗೆಯಿರಿ.

## ದೇವಸ್ಥಾನ, ಹುಂಡಿ, ಸಮಿತಿ

ದೇವಸ್ಥಾನದ ಹುಂಡಿ ದುಡ್ಡು ಸರ್ಕಾರ ತಗೊಂಡು ಬೇರೆ ಧರ್ಮದವರಿಗೆ ಕೊಡುತ್ತಂತೆ, ನಿಜಾನಾ?

ನಿಜವಲ್ಲ. ಮುಜರಾಯಿ, ಎಂದರೆ ಸರ್ಕಾರದ ಧಾರ್ಮಿಕ ದತ್ತಿ ಇಲಾಖೆಯ ವ್ಯಾಪ್ತಿಯ ಪ್ರತಿ ದೇವಸ್ಥಾನದ ಆದಾಯ ಆ ದೇವಸ್ಥಾನದ ಬ್ಯಾಂಕ್ ಖಾತೆಗೇ ಹೋಗುತ್ತದೆ. ರಾಜ್ಯದಲ್ಲಿ ಇಂಥ ದೇವಸ್ಥಾನಗಳು 34 ಸಾವಿರಕ್ಕೂ ಹೆಚ್ಚು. ವರ್ಷಕ್ಕೆ 25 ಲಕ್ಷ ರೂಪಾಯಿ ಮೀರಿದ ಆದಾಯವಿದ್ದರೆ ‘ಎ’ ವರ್ಗ, 5ರಿಂದ 25 ಲಕ್ಷ ‘ಬಿ’, ಅದಕ್ಕಿಂತ ಕಡಿಮೆಯಾದರೆ ‘ಸಿ’. ಎ ಮತ್ತು ಬಿ ಎರಡೂ ಸೇರಿದರೂ ಕೆಲವು ನೂರು ಅಷ್ಟೇ. ಉಳಿದೆಲ್ಲವೂ ಸಿ, ಎಣ್ಣೆ ಬತ್ತಿಗೂ ತಡಕಾಡುವ ಗುಡಿಗಳು.

ಮೇಲಿನವರಿಂದ ಕೆಳಗಿನವರಿಗೆ ಸ್ವಲ್ಪ ಹರಿಯಲಿ ಎಂದೇ 1997ರ ಧಾರ್ಮಿಕ ದತ್ತಿ ಕಾಯ್ದೆಯಲ್ಲಿ ಸಾಮಾನ್ಯ ಸಂಗ್ರಹಣಾ ನಿಧಿಯನ್ನು ಮಾಡಿದ್ದು. 2011ರ ತಿದ್ದುಪಡಿಯಲ್ಲಿ ದರ ಹೀಗಿತ್ತು: ಒಟ್ಟು ಆದಾಯ 5ರಿಂದ 10 ಲಕ್ಷ ಇದ್ದರೆ ನಿವ್ವಳ ಆದಾಯದ ಶೇ 5, 10 ಲಕ್ಷ ಮೀರಿದರೆ ಶೇ 10. ಈ ಹಣ ಹೋಗುವುದು ಬಡ ದೇವಸ್ಥಾನಗಳಿಗೆ, ಅರ್ಚಕರ ಕ್ಷೇಮಕ್ಕೆ. ಮಸೀದಿ, ಚರ್ಚುಗಳಿಗೆ ಬಜೆಟ್ಟಿನಲ್ಲಿ ಅನುದಾನ ಬಂದರೆ ಅದು ಸರ್ಕಾರದ ಬೊಕ್ಕಸದ್ದು. ಮಠಗಳಿಗೆ ಕೊಡುವ ಅನುದಾನವೂ ಅದೇ ಬೊಕ್ಕಸದ್ದು. ಅನುಮಾನವಿದ್ದರೆ ನಿಮ್ಮ ದೇವಸ್ಥಾನದ ಮೂರು ವರ್ಷದ ಜಮಾ ಖರ್ಚು ಮತ್ತು ನಿಧಿಗೆ ಕಟ್ಟಿದ ಮೊತ್ತವನ್ನು ಮಾಹಿತಿ ಹಕ್ಕಿನಡಿ ಕೇಳಿ. ಹೆಸರಿಲ್ಲದ ಫಾರ್ವರ್ಡ್ ಓದುವುದಕ್ಕಿಂತ ಆ ನಾಲ್ಕು ಹಾಳೆ ಓದುವುದು ದೇವರಿಗೂ ಗೌರವ.

ಇನ್ನು ‘ತಸ್ತೀಕು’: 1955ರ ಇನಾಂ ರದ್ದತಿ ಕಾಯ್ದೆಯಲ್ಲಿ ಇನಾಂ ಜಮೀನು ಕಳೆದುಕೊಂಡ ದೇವಸ್ಥಾನಗಳಿಗೆ ಅದರ ಬದಲು ವರ್ಷವರ್ಷ ಕೊಡುವ ಹಣ. ಅದು ಭಿಕ್ಷೆ ಅಲ್ಲ, ಬಾಕಿ.

ಹುಂಡಿ ಎಣಿಕೆ ಸರಿಯಾಗಿ ನಡೀತಿದೆ ಅಂತ ಗೊತ್ತಾಗೋದು ಹೇಗೆ?

ಕ್ರಮವನ್ನು ನೋಡಿ. ಎಣಿಕೆಯ ದಿನ ಮೊದಲೇ ಗೊತ್ತಿರಬೇಕು. ಬೀಗದ ಮೇಲಿನ ಅರಗಿನ ಮುದ್ರೆ ಒಡೆಯದೆ ಇದೆಯೆಂದು ಎಲ್ಲರೆದುರು ತೋರಿಸಿ ತೆಗೆಯಬೇಕು. ಅಧಿಕಾರಿ, ಸಮಿತಿ ಸದಸ್ಯರು, ಬ್ಯಾಂಕಿನವರು ಎದುರಿರಬೇಕು. ಜಮಖಾನದ ಮೇಲೆ ಸುರಿದ ಮೇಲೆ ಮುಖಬೆಲೆವಾರು ಬೇರ್ಪಡಿಸಿ, ನೂರು ನೂರರ ಕಟ್ಟು ಮಾಡಿ, ನಾಣ್ಯ ಎಣಿಸಿ, ವಿದೇಶಿ ನೋಟು ಮತ್ತು ಒಡವೆಯನ್ನು ಪ್ರತ್ಯೇಕ ಪಟ್ಟಿಗೆ ಸೇರಿಸಬೇಕು. ಮಹಜರಿಗೆ ಸಹಿ ಬಿದ್ದು, ಹಣ ಅದೇ ದಿನ ಬ್ಯಾಂಕಿಗೆ ಹೋಗಬೇಕು. ‘ಕತ್ತಲಾಯಿತು, ನಾಳೆ ಕಟ್ಟೋಣ’ ಎಂಬ ಮಾತು ಬಂದರೆ ಅಲ್ಲೇ ಎದ್ದುನಿಂತು ಕೇಳಿ. ಚೀಲ ದೇವಸ್ಥಾನದಲ್ಲಿ ರಾತ್ರಿ ಕಳೆಯಬಾರದು.

ವ್ಯವಸ್ಥಾಪನಾ ಸಮಿತಿಗೆ ಯಾರು ಬರಬಹುದು?

ಒಂಬತ್ತು ಜನ, ಅವಧಿ ಮೂರು ವರ್ಷ. ಅರ್ಚಕರೊಬ್ಬರು, ಪರಿಶಿಷ್ಟ ಜಾತಿ ಅಥವಾ ಪಂಗಡದವರು ಕನಿಷ್ಠ ಒಬ್ಬರು, ಇಬ್ಬರು ಮಹಿಳೆಯರು, ಆ ಊರಿನವರೊಬ್ಬರು ಇರಲೇಬೇಕು. ಈ ಸ್ಥಾನಗಳು ಕಾಗದದ ಮೇಲೆ ತುಂಬಿ, ಸಭೆಯಲ್ಲಿ ಖಾಲಿ ಉಳಿಯುವುದನ್ನು ಬಹಳ ಕಡೆ ಕಾಣುತ್ತೇವೆ. ಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಂಡು ಬರುತ್ತಾರೆ. ಇದು ಬದಲಾಗಲೇಬೇಕು. ಸಭೆಯ ನೋಟಿಸು ಲಿಖಿತವಾಗಿ ಬರಲಿ ಎಂದು ಸದಸ್ಯೆಯರೇ ಪಟ್ಟು ಹಿಡಿಯಬೇಕು, ಸಭೆಯಲ್ಲಿ ಕೂತು ಓದದೆ ಸಹಿ ಹಾಕಬಾರದು.

ಅಜ್ಜಿ ಕಾಲದಿಂದ ಬಂದ ಹರಕೆಗೂ ಮೌಢ್ಯ ನಿಷೇಧ ಕಾಯ್ದೆ ಬರುತ್ತಾ?

ಪ್ರದಕ್ಷಿಣೆ, ಯಾತ್ರೆ, ಭಜನೆ, ಹರಿಕಥೆ, ಮಕ್ಕಳ ಕಿವಿ ಚುಚ್ಚುವುದು, ಜೈನರ ಕೇಶಲೋಚ, ಜ್ಯೋತಿಷ್ಯ, ವಾಸ್ತು ಯಾವುದಕ್ಕೂ ತಡೆಯಿಲ್ಲ. 2017ರಲ್ಲಿ ಆದ ಈ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ತಡೆದಿರುವುದು ಮನುಷ್ಯನ ಮೈಗೆ, ಮಾನಕ್ಕೆ ಕುಂದು ತರುವಂಥದ್ದನ್ನು: ಎಂಜಲೆಲೆ ಮೇಲೆ ಉರುಳುವ ಮಡೆಸ್ನಾನ, ಬೆತ್ತಲೆ ಸೇವೆ, ಕೆನ್ನೆಗೆ ಸಲಾಕೆ ಚುಚ್ಚುವ ಬಾಯಿಬೀಗ, ಬಲವಂತದ ಕೆಂಡ ಹಾಯುವಿಕೆ, ಮುಟ್ಟಾದ ಹೆಣ್ಣುಮಕ್ಕಳನ್ನು ಊರ ಹೊರಗಿಡುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು.

## ಶಾಲೆ, ಮದುವೆ, ಮತಾಂತರ

ಸರ್ಕಾರಿ ಶಾಲೆಯಲ್ಲಿ ಧರ್ಮದ ಪಾಠ ಮಾಡಬಹುದಾ?

ಧರ್ಮಬೋಧೆ ಮಾಡುವಂತಿಲ್ಲ, ಧರ್ಮಗಳ ಬಗ್ಗೆ ತಿಳಿಸಬಹುದು. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗೆ 28ನೇ ವಿಧಿ ಬೋಧೆಯನ್ನು ತಡೆಯುತ್ತದೆ. ಅನುದಾನಿತ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಕೂರಿಸುವಂತಿಲ್ಲ. ಬಸವಣ್ಣನವರು ಏನು ಹೇಳಿದರು ಎಂದು ಕಲಿಸುವುದು ಪಾಠ, ಲಿಂಗಪೂಜೆ ಮಾಡಿಸುವುದು ಬೋಧೆ. ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತು, ನಂಬಿಕೆಯ ಕಾರಣಕ್ಕೆ ಹಾಡದಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿತು. ಹಿಜಾಬ್ ವಿಷಯದಲ್ಲಿ ನಮ್ಮ ಹೈಕೋರ್ಟ್ 2022ರ ಮಾರ್ಚ್ 15ರಂದು ಸಮವಸ್ತ್ರದ ಬಗೆಗಿನ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು.

ಬೇರೆ ಬೇರೆ ಧರ್ಮದವರು ಮತ ಬದಲಿಸದೆ ಮದುವೆ ಆಗಬಹುದಾ?

ಆಗಬಹುದು, 1954ರ ವಿಶೇಷ ವಿವಾಹ ಕಾಯ್ದೆ ಇರುವುದೇ ಅದಕ್ಕೆ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. ಅದು 30 ದಿನ ಕಚೇರಿಯ ಫಲಕದಲ್ಲಿ ಇರುತ್ತದೆ. ಆಕ್ಷೇಪ ಯಾರು ಬೇಕಾದರೂ ಹಾಕಬಹುದು, ಆದರೆ ಕಾರಣ ಕಾಯ್ದೆಯಲ್ಲಿ ಹೇಳಿದ್ದೇ ಆಗಿರಬೇಕು: ವಯಸ್ಸು (ಗಂಡಿಗೆ 21, ಹೆಣ್ಣಿಗೆ 18), ಜೀವಂತ ಸಂಗಾತಿ, ನಿಷಿದ್ಧ ನೆಂಟಸ್ತಿಕೆ, ಒಪ್ಪಿಗೆ ಕೊಡಲಾಗದ ಮನಃಸ್ಥಿತಿ. ‘ಧರ್ಮ ಬೇರೆ’, ‘ಮನೆಯವರಿಗೆ ಇಷ್ಟವಿಲ್ಲ’ ಎಂಬವು ಆಕ್ಷೇಪಗಳೇ ಅಲ್ಲ. ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಮದುವೆ ಮುಗಿಸದಿದ್ದರೆ ಮತ್ತೆ ಮೊದಲಿನಿಂದ. ಫಲಕದ ಆ 30 ದಿನವೇ ಜೋಡಿಗಳಿಗೆ ಅತಿ ಭಯದ ಕಾಲ. ಬೆದರಿಕೆ ಬಂದರೆ ಕಾಯದೆ ಪೊಲೀಸರಿಗೆ ಬರೆದುಕೊಟ್ಟು, ಅದರ ಪ್ರತಿಯನ್ನು ವಕೀಲರ ಬಳಿ ಇಡಿ.

ಮತ ಬದಲಿಸಿದರೆ ಮೀಸಲಾತಿ ಹೋಗುತ್ತಾ?

ಪರಿಶಿಷ್ಟ ಜಾತಿಯವರಿಗೆ ಹೋಗಬಹುದು. ಪರಿಶಿಷ್ಟ ಜಾತಿಗಳ ಪಟ್ಟಿ ಮಾಡಿದ 1950ರ ಆದೇಶ ಹಿಂದೂಗಳಿಗಷ್ಟೇ ಇತ್ತು, 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ ಅಥವಾ ಇಸ್ಲಾಂ ಸೇರಿದರೆ ಆ ಸ್ಥಾನ ಉಳಿಯುವುದಿಲ್ಲ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಷರತ್ತಿಲ್ಲ.

## ಚುನಾವಣೆ, ಕೋರ್ಟು

ಸ್ವಾಮೀಜಿ, ಮೌಲ್ವಿ, ಪಾದ್ರಿ ‘ಇವರಿಗೇ ವೋಟು ಹಾಕಿ’ ಅಂದ್ರೆ ತಪ್ಪಾ?

ಅಭ್ಯರ್ಥಿಯೋ, ಅವರ ಏಜೆಂಟೋ, ಅವರ ಒಪ್ಪಿಗೆಯಿಂದ ಬೇರೆಯವರೋ ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಮಿನಂತೆ ಭ್ರಷ್ಟ ಆಚರಣೆ, ಆಯ್ಕೆಯೇ ರದ್ದಾಗಬಹುದು. ಧರ್ಮ ಎಂದರೆ ಅಭ್ಯರ್ಥಿಯದ್ದಷ್ಟೇ ಅಲ್ಲ, ಮತದಾರರದ್ದೂ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ 4-3 ಬಹುಮತದಿಂದ ಹೇಳಿತು. ಪೂಜಾಸ್ಥಳದ ಆವರಣವನ್ನು ಪ್ರಚಾರಕ್ಕೆ ಬಳಸುವುದಕ್ಕೆ ನೀತಿಸಂಹಿತೆಯ ತಡೆಯಿದೆ. ಮಠಕ್ಕೆ ಹೋಗಿ ಆಶೀರ್ವಾದ ಪಡೆಯುವುದು ತಪ್ಪಲ್ಲ. ಆ ಫೋಟೊವನ್ನು ಮತಯಾಚನೆಯ ಕರಪತ್ರಕ್ಕೆ ಹಾಕಿದಾಗ ತೊಡಕು ಶುರು.

ನಮ್ಮ ಧರ್ಮದ ಬಗ್ಗೆ ಕೆಟ್ಟದಾಗಿ ಪೋಸ್ಟ್ ಹಾಕಿದ್ದಾರೆ. ಏನು ಮಾಡಬೇಕು?

ಖಂಡಿಸುವುದಕ್ಕೂ ಅದನ್ನು ಹಂಚಬೇಡಿ. ನೂರು ಜನ ನೋಡಿದ್ದನ್ನು ಹತ್ತು ಸಾವಿರಕ್ಕೆ ಮುಟ್ಟಿಸುವವರು ಸಾಮಾನ್ಯವಾಗಿ ನೊಂದವರೇ. ಲಿಂಕ್, ಖಾತೆಯ ಹೆಸರು, ಹೊತ್ತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಠಾಣೆಗೆ ಕೊಡಿ. ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು ಉದ್ದೇಶಪೂರ್ವಕವಾದ, ದುರುದ್ದೇಶದ ಅವಮಾನಕ್ಕಷ್ಟೇ ಅನ್ವಯಿಸುತ್ತದೆ. ಟೀಕೆ, ಪ್ರಶ್ನೆ, ಇತಿಹಾಸದ ಚರ್ಚೆ ಅದರೊಳಗೆ ಬರುವುದಿಲ್ಲ. ಬರೆದವರ ಮನೆ ಮುಂದೆ ಗುಂಪು ಸೇರಿದರೆ ಪ್ರಕರಣ ನಿಮ್ಮ ಮೇಲೆ ತಿರುಗುತ್ತದೆ.

ಯಾವುದು ಧರ್ಮದ ಮುಖ್ಯ ಆಚರಣೆ ಅಂತ ಜಡ್ಜ್ ಹೇಗೆ ಹೇಳ್ತಾರೆ? ಒಳಗೆ ಯಾರು ಬರಬೇಕು ಅಂತ ನಾವೇ ತೀರ್ಮಾನಿಸಬಾರದಾ?

ಈ ಎರಡೂ ಪ್ರಶ್ನೆಗಳಿಗೆ ಬೇರು ನಮ್ಮ ಕರಾವಳಿಯಲ್ಲೇ ಇದೆ. ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಪ್ರಕರಣದಲ್ಲಿ, 1954ರಲ್ಲಿ, ಧರ್ಮದ ‘ಅವಿಭಾಜ್ಯ ಅಂಗ’ ಯಾವುದೆಂದು ಆ ಧರ್ಮದ ಸಿದ್ಧಾಂತವನ್ನೇ ನೋಡಿ ತಿಳಿಯಬೇಕು ಎಂಬ ಮಾತು ಬಂತು. ಪೂಜೆಯ ಹೊತ್ತು, ನೈವೇದ್ಯದ ಬಗೆ ಮಠದ ಕೈಯಲ್ಲಿ. ಆಸ್ತಿಯ ಆಡಳಿತಕ್ಕೆ ಕಾನೂನು ಮಾಡುವ ಹಕ್ಕು ಸರ್ಕಾರಕ್ಕೆ. ಆಮೇಲಿನ ದಶಕಗಳಲ್ಲಿ ನ್ಯಾಯಾಲಯಗಳೇ ಗ್ರಂಥ ಬಿಡಿಸಿ ಮುಖ್ಯ, ಅಮುಖ್ಯ ಎಂದು ತೂಗುವಂತಾಯಿತು. ಅದು ನಮಗೆ ಸರಿ ಕಾಣುವುದಿಲ್ಲ. ಒಬ್ಬ ವ್ಯಕ್ತಿಯ ಘನತೆಗೆ ಪೆಟ್ಟು ಬೀಳುತ್ತಿದೆಯೇ ಎಂದು ನೋಡುವುದು ಹೆಚ್ಚು ನೇರವಾದ ದಾರಿ. ಶಬರಿಮಲೆ ಮರುಪರಿಶೀಲನೆಯಲ್ಲಿ 2019ರಲ್ಲಿ ದೊಡ್ಡ ಪೀಠಕ್ಕೆ ಒಪ್ಪಿಸಿದ್ದೂ ಇದೇ ಪ್ರಶ್ನೆಯನ್ನು.

ಪ್ರವೇಶದ ವಿಷಯ ಮೂಲ್ಕಿಯದ್ದು. ಅಲ್ಲಿನ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಸಮುದಾಯದ್ದು ಎಂದು 1958ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಆದರೂ ಸಾರ್ವಜನಿಕ ಸ್ವರೂಪದ ದೇವಸ್ಥಾನದ ಬಾಗಿಲು ಎಲ್ಲ ವರ್ಗದ ಹಿಂದೂಗಳಿಗೂ ತೆರೆದಿರಬೇಕು, ಸಮುದಾಯದವರಿಗೆ ಮಾತ್ರವಾದ ಕೆಲವು ವಿಶೇಷ ಸೇವೆಗಳನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಬಹುದು ಎಂದಿತು. ಬಾಗಿಲು ಎಲ್ಲರಿಗೆ, ಒಳಗಿನ ಕೆಲವು ಘಳಿಗೆ ಅವರಿಗೆ. ಅದೇ ಮೂಲ್ಕಿಯ ಬಪ್ಪನಾಡಿನ ದುರ್ಗಾಪರಮೇಶ್ವರಿ ದೇವಸ್ಥಾನವನ್ನು ಕಟ್ಟಿಸಿದವರು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಎಂದು ಐತಿಹ್ಯ. ಅವರ ದೋಣಿ ಶಾಂಭವಿ ಹೊಳೆಯಲ್ಲಿ ಸಿಕ್ಕಿಕೊಂಡಿತಂತೆ. ಜಾತ್ರೆಯಲ್ಲಿ ಇಂದಿಗೂ ಆ ಮನೆತನಕ್ಕೆ ಪ್ರಸಾದದ ಮರ್ಯಾದೆ ಸಲ್ಲುತ್ತದೆ.